ಉಡಿ ತುಂಬಾಕ ಹೋದ್ರ ಒಂದೀಟು ಕುಂತು ಬರ್ರಿ

ನಮ್ಮ ಹಿಂದವಾಡ್ಯಾಗ ಕುಬಸ ಅಂದ್ರ ಈಗ ಸಣ್ಣದೊಂದು ಲಗ್ನನ ಆಗೇತಿ. ಹಾಲ್ ಬುಕ್ ಮಾಡಬೇಕು, ಹೂವಿನ ಜೋಕಾಲಿ ಬಾಡಗಿ ತರಬೇಕು, ಬಸರಿ ಹುಡುಗಿ ಕೈಗೆ ಮೆಹಂದಿ ಹಚ್ಚಾಕ ಒಬ್ಬಾಕಿ, ಮಾರಿಗೆ ಮೇಕಪ್ ಮಾಡಾಕ ಇನ್ನೊಬ್ಬಾಕಿ. ಊಟಕ್ಕ ಹೋಳಗಿ ಒಂದ ಸಾಲಂಗಿಲ್ಲ, ಪಾನಿಪುರಿ ಸ್ಟಾಲೂ ಬೇಕು. ಖರ್ಚಿನ ಬಗ್ಗೆ ಇವತ್ತು ನಾ ಏನೂ ಅನ್ನಂಗಿಲ್ಲ, ಅಂದ್ರ ನಮ್ಮ ನೆಗೆಣ್ಣಿ ಸಿಟ್ಟಾಗ್ತಾಳ. ಮುಂದಿನ ತಿಂಗಳ ಆಕಿ ಮಗಳದ ಐತಿ. ಆದ್ರ ಆ ಜೋಕಾಲಿ, ಫೋಟೋ ಎಲ್ಲಾ ತಗದಿಟ್ಟ ಮ್ಯಾಲೆ ಉಳಿಯೂದು ಏನು ಹೇಳ್ರಿ? ಏಳ ತಿಂಗಳ ತುಂಬಿದ ಹುಡುಗಿನ್ನ ನಡುವ ಕುಂಡ್ರಿಸಿ, ಹಸರ ಬಳಿ ಇಡಿಸಿ, ಐದ ಮಂದಿ ಹೆಣಮಕ್ಕಳು ಉಡಿ ತುಂಬಿ, ನಕ್ಕೋತ ಕಿವ್ಯಾಗ ಏನರ ಒಂದ ಮಾತ ಹೇಳ್ತೀವಲ್ಲ, ಅದು. ಹಡದಾಕಿ ಹಡೆಯಾಕಿಗೆ ಹೇಳೂ ಮಾತು. "ಕಾಲ ಬಾತ್ರ ಮುಚ್ಚಿಡಬ್ಯಾಡವಾ." "ಕೂಸು ಹೊಳ್ಳಾಡೂದು ಕಡಿಮಿ ಆತಂದ್ರ ಬೆಳಗಾಗೂತನಕ ಕಾಯಬ್ಯಾಡ." "ಅತ್ತಿ ಬೈದ್ರ ನನ್ನ ಕಡೆ ಬಾ." ನನ್ನ ಲೆಕ್ಕದಾಗ ಕುಬಸ ಅಂದ್ರ ಇಷ್ಟ.

ಈ ಮಾತು ಯಾರಿಗೆ ಸಿಗತೈತಿ, ಯಾರಿಗೆ ಸಿಗಂಗಿಲ್ಲ ಅಂತ ಬರೀಬೇಕಂದು ಭಾಳ ದಿವಸದಿಂದ ಮನಸ್ಸಿನ್ಯಾಗಿತ್ತು. ಹೋದ ವಾರ ಕೆಳಗಿನ ಮನಿ ಕಾಕೂ, ತಮ್ಮ ಮಹಿಳಾ ಮಂಡಳದವರು ಖಾನಾಪುರದ ಕಾಡಿನ ಕಡೆ ಸಿದ್ದಿ ಹೆಣಮಕ್ಕಳಿಗೆ "ಸಾಮೂಹಿಕ ಸೀಮಂತ" ಮಾಡವರು ಅದಾರ, ನೀನೂ ರೊಕ್ಕ ಹಾಕು ಅಂದ್ರು. ರೊಕ್ಕ ಹಾಕ್ತೀನಿ, ಆದ್ರ ಮೊದಲ ನನ್ನ ತಕರಾರು ಕೇಳ್ರಿ ಅಂದೆ. ಅವರು ಚಹಾ ಆರೂದರೊಳಗ ಕೇಳಿ ಎದ್ದರು, ನನ್ನ ಮಾತು ಮುಗದಿದ್ದಿಲ್ಲ. ಉಳದದ್ದು ಇಲ್ಲಿ ಬರೀತೀನಿ.

ಖಾನಾಪುರ ನಮ್ಮಿಂದ ಬಸ್ಸಿನ್ಯಾಗ ಒಂದ ತಾಸಿನ ಹಾದಿ. ಅಲ್ಲಿಂದ ಹಳಿಯಾಳದ ಕಡೆ ಕಾಡ ಹಿಡದ ಹೋದ್ರ ಸಿದ್ದಿ ಮಂದಿ ಮನಿಗೋಳು ಸಿಗತಾವ. ನಿಮ್ಮೊಳಗ ಭಾಳ ಮಂದಿ ಅವರನ್ನ ನೋಡಿದ್ದು ಉತ್ಸವದ ಸ್ಟೇಜಿನ ಮ್ಯಾಲೆ, ಡಮಾಮಿ ಬಾರಸ್ಕೋತ ಕುಣಿಯೂ ಮುಂದ ಅಷ್ಟ. ಅವರ ಹಿರ್ಯಾರನ್ನ ಆಫ್ರಿಕಾದ ಮೂಡಲ ದಂಡಿಯಿಂದ ಹಡಗಿನ್ಯಾಗ ತುಂಬಿ ತಂದು, ಗೋವಾದಾಗ ಪೋರ್ಚುಗೀಸರು ಗುಲಾಮರಾಗಿ ಇಟಗೊಂಡಿದ್ರು. ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರಿಗೆ ಆಸರ ಕೊಟ್ಟದ್ದು ನಮ್ಮ ಈ ಕಾಡು. ಇದು ನೂರಾರು ವರ್ಷದ ಹಿಂದಿನ ಮಾತು. ಸಂಗೊಳ್ಳಿ ರಾಯಣ್ಣನ ಜೋಡಿ ಗಜವೀರ ಅನ್ನೂ ಸಿದ್ದಿ ಇದ್ದ ಅಂತ ನಮ್ಮ ಕಡೆ ಹೇಳತಾರ. ರಾಯಣ್ಣನ್ನ 1831ರಾಗ ಗಲ್ಲಿಗೆ ಹಾಕಿದ ನಂದಗಡನೂ ಅದ ಖಾನಾಪುರ ತಾಲೂಕಿನ್ಯಾಗ ಐತಿ. ಅಂದ್ರ ನಮ್ಮ ಹಿಂದವಾಡ್ಯಾಗ ಪ್ಲಾಟ ಹಾಕೂಕಿಂತ ಮೊದಲ ಅವರು ಈ ಮಣ್ಣಿನವರು. ಹಿಂದೂ, ಕ್ರಿಶ್ಚನ್, ಮುಸಲ್ಮಾನ ಮೂರೂ ಧರ್ಮದವರು ಅವರೊಳಗ ಅದಾರ. ಮನ್ಯಾಗ ಕೊಂಕಣಿ ಕಲಸಿದ ಮಾತು, ಬಜಾರಕ್ಕ ಬಂದ್ರ ಕನ್ನಡ, ಮರಾಠಿ.

ಸರಕಾರ ಅವರನ್ನ ಹೆಂಗ ನೋಡಿತು ಅನ್ನೂದನ್ನೂ ಹೇಳೇಬಿಡ್ತೀನಿ. 2003ರಾಗ ಉತ್ತರ ಕನ್ನಡ ಜಿಲ್ಲೆದ ಸಿದ್ದಿಯರನ್ನ ಪರಿಶಿಷ್ಟ ಪಂಗಡಕ್ಕ ಸೇರಿಸಿದ್ರು. ಬರೇ ಉತ್ತರ ಕನ್ನಡದವರನ್ನ. ಬೆಳಗಾವಿ, ಧಾರವಾಡ ಜಿಲ್ಲೆದ ಸಿದ್ದಿಯರ ಹೆಸರು ಕಾಯ್ದೆದಾಗ ಬಂದದ್ದು 2020ಕ್ಕ. ನಡುವ 17 ವರ್ಷ ಹೋತು. ಅಣ್ಣ ಹಳಿಯಾಳ ಸೀಮಿದಾಗ, ತಮ್ಮ ಖಾನಾಪುರ ಸೀಮಿದಾಗ ಇದ್ರ, ಅಣ್ಣನ ಮಕ್ಕಳು ಎಸ್‌ಟಿ, ತಮ್ಮನ ಮಕ್ಕಳು ಏನೂ ಅಲ್ಲ. ಅದ 2020ರಾಗನ ಯಲ್ಲಾಪುರ ಕಡಿಯ ಶಾಂತಾರಾಮ ಸಿದ್ದಿ ಅವರನ್ನ ವಿಧಾನ ಪರಿಷತ್ತಿಗೆ ನೇಮಕ ಮಾಡಿದ್ರು, ರಾಜ್ಯದಾಗ ಸಿದ್ದಿಯೊಬ್ಬರು ಶಾಸಕರಾಗಿದ್ದು ಅದ ಮೊದಲು. ಆ 17 ವರ್ಷದ ಶುರುವಿಗೆ ಹುಟ್ಟಿದ ಖಾನಾಪುರದ ಹುಡುಗ್ಯಾರು ಈಗ ತಾವ ಬಸರಾಗೂ ವಯಸ್ಸಿಗೆ ಬಂದಾರ.

ಅಂಥಾ ಒಬ್ಬಾಕಿನ್ನ ನಾನು ಎರಡ ವರ್ಷದ ಹಿಂದ ನಮ್ಮ ಊರಾಗಿನ ಒಂದ ದವಾಖಾನ್ಯಾಗ ನೋಡಿದೆ. ನಮ್ಮ ನಾದನಿ ಮಗಳು ಹಡದಿದ್ಲು, ನಾನು ಮತ್ತ ನಮ್ಮ ದೊಡ್ಡ ವೈನಿ ಪಾಳಿ ಮ್ಯಾಲೆ ಕೂಡ್ತಿದ್ವಿ. ಬಾಜೂ ಕಾಟಿನ ಮ್ಯಾಲೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷದ ಸಿದ್ದಿ ಹುಡುಗಿ. ಖಾನಾಪುರದಾಗ ಆಗಂಗಿಲ್ಲ ಅಂತ ಇಲ್ಲಿಗೆ ಕಳಸಿದ್ರು. ಗಂಡ ರೊಕ್ಕ ಹೊಂದಸಾಕ ಹೋಗಿದ್ದ, ಅತ್ತಿ ಮನ್ಯಾಗ ದೊಡ್ಡ ಕೂಸಿನ್ನ ಹಿಡಕೊಂಡ ಕುಂತಿದ್ಲು. ಜೋಡಿ ಯಾರೂ ಇಲ್ಲ. ವಾರ್ಡಿಗೆ ಬಂದವರೆಲ್ಲಾ ಒಮ್ಮೆ ನಿಂತ ನೋಡವರು. ಒಬ್ಬಾಕಿ ಅಂತೂ "ವಿಚ್ ಕಂಟ್ರಿ?" ಅಂತ ಕೇಳೇಬಿಟ್ಲು. "ಖಾನಾಪುರ ರೀ ಅಕ್ಕಾರ" ಅಂದ್ಲು ಈಕಿ. ಇನ್ನೊಬ್ಬಾಕಿ ಕೂಸಿನ ಕೂದಲಾ ಮುಟ್ಟಿ ನೋಡಿದ್ಲು, ಪ್ಯಾಟ್ಯಾಗ ಅರಬಿ ಮುಟ್ಟಿ ನೋಡಿದಂಗ. ಸಿಸ್ಟರ ಬಂದು ಏನೇನೋ ಹಿಂದಿಯಾಗ ಜೋರಾಗಿ ಹೇಳಿ ಹೋದ್ರು. ಈ ಹುಡುಗಿ ಕನ್ನಡ ಆ ಸಿಸ್ಟರಕಿಂತ ಸ್ವಚ್ಛ ಇತ್ತು ಮಾರಾಯ್ತಿ! ಆದ್ರ ಮಾರಿ ನೋಡಿದ ಕೂಡಲೇ ಈಕಿಗೆ ಕನ್ನಡ ಬರಂಗಿಲ್ಲ ಅಂತ ಅವರಿಗೆ ಅವರ ಠರಾವು.

ಮರುದಿನ ಮಧ್ಯಾಹ್ನ ಆಕಿ ತಲಿ ಭಾಳ ನೋಯ್ತದ, ಕಣ್ಣಮುಂದ ಮಂಜು ಬಂದಂಗ ಆಗೇತಿ ಅಂದ್ಲು. "ಹಡದ ಮ್ಯಾಲೆ ಎಲ್ಲಾರಿಗೂ ತಲಿ ನೋಯ್ತದ, ಮಲಕೋ" ಅಂದ್ರು. ಒಂದ ತಾಸಿನ್ಯಾಗ ಎರಡ ಸಲ ಹೇಳಿದ್ಲು. ಎರಡೂ ಸಲ ಅದ ಉತ್ತರ. ನಮ್ಮ ವೈನಿ ಗೊತ್ತಲ್ಲ ನಿಮಗ, ಬಾಯಿ ಜೋರು. ಎದ್ದ ಹೋಗಿ ಕೌಂಟರಿನ ಮುಂದ ನಿಂತ್ಲು, ಡಾಕ್ಟರ ಬರೂತನಕ ಅಲ್ಲಿಂದ ಹಂದಲಿಲ್ಲ. ಬಿಪಿ ನೋಡಿದ್ರ ಗಾಬರಿ ಆಗೂವಷ್ಟ ಏರಿತ್ತು. ಫಿಟ್ಸ್ ಬರಬಾರದಂತ ಇಂಜೆಕ್ಷನ್ ಶುರು ಮಾಡಿದ್ರು, ರಾತ್ರಿಯೆಲ್ಲಾ ಓಡಾಡಿದ್ರು. ಅದನ್ನೂ ಹೇಳಬೇಕು, ಒಮ್ಮೆ ಗೊತ್ತಾದ ಮ್ಯಾಲೆ ಡಾಕ್ಟರು ಏನೂ ಕಡಿಮಿ ಮಾಡಲಿಲ್ಲ. ಹುಡುಗಿ ಉಳದ್ಲು. ಮೂರನೇ ದಿವಸ ವೈನಿ ಕೈ ಹಿಡದು ಆಕಿ ಅಂದದ್ದು ಒಂದ ಮಾತು: "ನಾ ಹೇಳಿದ್ದ ನಿಮ್ಮ ಬಾಯಿಲೆ ಬಂದ ಮ್ಯಾಲೆ ಕೇಳಿಸ್ತು ನೋಡ್ರಿ ಅವರಿಗೆ."

ಬಸರಿ ಇದ್ದಾಗ ಬಿಪಿ ಏರೂದು ನಮಗೆಲ್ಲಾ ಗೊತ್ತೈತಿ. ಹಡದ ಮ್ಯಾಲೂ ಏರತೈತಿ, ವಾರದ ತನಕ, ಒಮ್ಮೊಮ್ಮೆ ಅದಕ್ಕೂ ತಡದು ಏರಬಹುದು. ಕಡಿಮಿ ಆಗದ ತಲಿನೋವು, ಕಣ್ಣು ಮಂಜಾಗೂದು, ಎದಿ ಕೆಳಗ ನೋವು, ಉಸರಾಡಾಕ ತ್ರಾಸ, ಇವು ಬಾಣಂತಿಗೆ ಬಂದ್ರ ಮನ್ಯಾಗ ಎಣ್ಣಿ ತಿಕ್ಕೋತ ಕುಂಡ್ರೂ ಹಂಗಿಲ್ಲ. ಇದು ಹಿಂದವಾಡಿ ಬಾಣಂತಿಗೂ ಅಷ್ಟ, ಕಾಡಿನ ಬಾಣಂತಿಗೂ ಅಷ್ಟ.

ಈ ಕಥಿ ಹೇಳಿದಾಗ ಕೆಳಗಿನ ಮನಿ ಕಾಕೂ ಅಂದ್ರು, "ಏ, ಸಿದ್ದಿ ಮಂದಿ ಮೈ ಗಟ್ಟಿ ಇರತೈತಿ, ಅವರಿಗೆ ನಮ್ಮಷ್ಟ ನೋವು ಗೊತ್ತಾಗಂಗಿಲ್ಲ, ಕಾಡಿನ್ಯಾಗ ಹಡದು ಎದ್ದ ಹೋಗ್ತಾರ." ಕಾಕೂ ಭಾಳ ಒಳ್ಳೇವರು, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದ್ರ ಇದ ಮಾತು ಅಮೇರಿಕಾದಾಗ ಎಷ್ಟ ಜೀವಾ ತಿಂದೈತಿ ಅಂತ ಕೇಳ್ರಿ. ಅಲ್ಲಿ ಆಫ್ರಿಕಾ ಮೂಲದ ಹೆಣಮಕ್ಕಳು ಹಡೆಯೂ ಮುಂದ, ಹಡದ ಮ್ಯಾಲೆ ಸಾಯೂದು ಬಿಳಿ ಹೆಣಮಕ್ಕಳಕಿಂತ ಎರಡೂವರಿ-ಮೂರ ಪಟ್ಟು ಹೆಚ್ಚು. 2021ರ ಸರಕಾರಿ ಲೆಕ್ಕದಾಗ ಒಂದ ಲಕ್ಷ ಹೆರಿಗಿಗೆ ಕರಿಯ ತಾಯಂದಿರು 69.9, ಬಿಳಿಯರು 26.6. ಬಡತನ ಒಂದ ಕಾರಣ ಅಲ್ಲ. ಟೆನಿಸ್ ಆಡೂ ಸೆರೆನಾ ವಿಲಿಯಮ್ಸ್ ಗೊತ್ತಲ್ಲ, ರೊಕ್ಕಕ್ಕ ಏನ ಕಡಿಮಿ? 2017ರಾಗ ಸಿಸೇರಿಯನ್ ಆದ ಮರುದಿನ ಉಸರ ಸಿಗವಲ್ದಾತು. ಆಕಿಗೆ ಮೊದಲ ಪುಪ್ಪಸದಾಗ ರಕ್ತ ಹೆಪ್ಪುಗಟ್ಟಿದ್ದು ಗೊತ್ತಿತ್ತು, ಸಿ.ಟಿ. ಸ್ಕ್ಯಾನ್ ಮಾಡ್ರಿ, ರಕ್ತ ತಿಳಿ ಮಾಡೂ ಔಷಧ ಕೊಡ್ರಿ ಅಂತ ತಾನ ಹೇಳಿದ್ಲು. ನೋವಿನ ಔಷಧದಿಂದ ಈಕಿಗೆ ತಲಿ ಕೆಟ್ಟೇತಿ ಅಂತ ಸಿಸ್ಟರ ತಿಳಕೊಂಡ್ರು. ಕಡೀಕ ಸ್ಕ್ಯಾನ್ ಮಾಡಿದಾಗ ಆಕಿ ಹೇಳಿದ್ದ ಖರೆ ಆತು. 2016ರಾಗ ವರ್ಜೀನಿಯಾ ವಿಶ್ವವಿದ್ಯಾಲಯದವರು ಡಾಕ್ಟರಕಿ ಕಲಿಯೂ ಬಿಳಿಯರನ್ನ ಕೇಳಿ ನೋಡಿದ್ರು. ಕರಿಯರ ಚರ್ಮ ದಪ್ಪ ಇರತೈತಿ ಅನ್ನೂವಂಥ ಸುಳ್ಳುಗಳೊಳಗ ಒಂದನ್ನಾದ್ರೂ ಅರ್ಧ ಮಂದಿ ನಂಬಿದ್ರಂತ. ಹಿಂದವಾಡಿ ಕಾಕೂ ಮಾತು, ವರ್ಜೀನಿಯಾದ ಹುಡುಗರ ಮಾತು ಒಂದ!

ಅಲ್ಲಿಯ ಹೆಣಮಕ್ಕಳು ಸುಮ್ಮನ ಕುಂತಿಲ್ಲ. 2018ರಿಂದ ವರ್ಷಾ ಏಪ್ರಿಲ್ 11ರಿಂದ 17ರ ತನಕ ಕರಿಯ ತಾಯಂದಿರ ಆರೋಗ್ಯದ ವಾರ ಅಂತ ನಡಸ್ತಾರ. ಚರ್ಚಿನ್ಯಾಗ, ಲೈಬ್ರರಿಯಾಗ, ಪಾರ್ಕಿನ್ಯಾಗ ಕೂಡತಾರ. ಬಸರೇರು, ಎಳೆ ಕೂಸಿನವರು, ಅಜ್ಜಿಗೋಳು, ಹೆರಿಗಿಗೆ ಜೋಡಿ ನಿಲ್ಲಾಕ ತಯಾರಾದ ಹೆಣಮಕ್ಕಳು, ಅಪ್ಪಂದಿರೂ ಬರ್ತಾರ. ದಿನಾನೂ ನೋಡ್ರಿ, ಏಪ್ರಿಲ್ 11 ಅಂದ್ರ ಕಸ್ತೂರಬಾ ಹುಟ್ಟಿದ ದಿವಸ, ನಮ್ಮ ದೇಶದಾಗ 2003ರಿಂದ ಸುರಕ್ಷಿತ ತಾಯ್ತನದ ದಿವಸ ಅಂತ ಆಚರಿಸೂದು ಅದ ದಿವಸ. ನಮಗ ಯಾರಿಗೂ ಗೊತ್ತಾಗಂಗಿಲ್ಲ, ಆ ಮಾತು ಬ್ಯಾರೆ.

ಈಗ ಕಾಕೂ ಅವರ ಸಾಮೂಹಿಕ ಸೀಮಂತಕ್ಕ ಬರ್ತೀನಿ. ಅಂಗನವಾಡಿಯೊಳಗ ಸೀಮಂತ ಮಾಡೂದು, ಆರ ತಿಂಗಳ ಕೂಸಿಗೆ ಅನ್ನಪ್ರಾಶನ ಮಾಡೂದು ಪೋಷಣ ಅಭಿಯಾನ ಬಂದ ಮ್ಯಾಲೆ ಎಲ್ಲಾ ಕಡೆ ನಡದೈತಿ. ಯೋಚನಿ ಚಲೋನ ಐತಿ. ಯಾರೂ ಕುಬಸ ಮಾಡದ ಮನಿ ಹುಡುಗಿಗೆ ಊರ ಕುಬಸ ಮಾಡೂದು ಸಣ್ಣ ಮಾತಲ್ಲ. ಆದ್ರ ನಾನು ನೋಡಿದ ಒಂದ ಕಾರ್ಯಕ್ರಮದಾಗ, ಯಾವ ಊರು ಅಂತ ಕೇಳಬ್ಯಾಡ್ರಿ, ಬಸರೇರನ್ನ ಹತ್ತಕ್ಕ ಕುಂಡ್ರಿಸಿದ್ರು, ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರಿಗೆ. ಪ್ಲಾಸ್ಟಿಕ್ ಖುರ್ಚಿ ಮ್ಯಾಲೆ ಸಾಲಾಗಿ ಕುಂತಾರ, ಕಾಲ ಜೋತ ಬಿದ್ದು ಬಾತಾವ, ಪೌಷ್ಟಿಕ ಆಹಾರದ ಮ್ಯಾಲೆ ಭಾಷಣ ನಡದೈತಿ, ಹೊಟ್ಟಿ ಹಸದೈತಿ. ಒಂದೊಂದ ಸೀರಿ, ಒಂದೊಂದ ತೆಂಗಿನಕಾಯಿ, ಫೋಟೋ. ಒಬ್ಬರಾದ್ರೂ "ಹೆಂಗದಿಯವಾ, ಯಾವ ತಿಂಗಳ, ಮೊದಲನೇದ ಹೆಂಗಾತು" ಅಂತ ಬಾಜೂ ಕುಂತ ಕೇಳಲಿಲ್ಲ. ಉಡಿ ತುಂಬಿತು, ಮಾತು ಬೀಳಲಿಲ್ಲ.

ಮಾತಿನಿಂದ ಏನಾಗತೈತಿ ಅಂತ ನಮ್ಮ ಮನಿಯವರು ಕೇಳ್ತಾರ. ಏನಾಗತೈತಿ ಅಂತ ಲೆಕ್ಕಾ ಇಟ್ಟು ನೋಡಿದವರು ಅದಾರ. ಜಾರ್ಖಂಡ, ಒಡಿಶಾದ ಮೂರ ಜಿಲ್ಲೆದಾಗ, ಆದಿವಾಸಿಗಳು ಹೆಚ್ಚಿರೂ ಊರುಗಳಾಗ, ಏಕಜುಟ್ ಅನ್ನೂ ಸಂಸ್ಥೆದವರು 2005ರಿಂದ ಮೂರ ವರ್ಷ ಒಂದ ಕೆಲಸ ಮಾಡಿದ್ರು. ಹೆಣಮಕ್ಕಳು ತಿಂಗಳಿಗೊಮ್ಮೆ ತಮ್ಮ ಊರಾಗ ಕೂಡೂದು. ನಡಸಾಕಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅದ ಭಾಗದ ಹೆಣಮಗಳು. ಚಿತ್ರದ ಕಾರ್ಡ, ಕಥಿ, ಆಟ. ನಮ್ಮ ಊರಾಗ ಕೂಸುಗಳು ಯಾಕ ಸಾಯ್ತಾವ, ತಾಯಿಗೆ ಏನ ತ್ರಾಸ ಆಗತೈತಿ ಅಂತ ತಾವ ಮಾತಾಡಿ, ತಾವ ಹಾದಿ ಹುಡಕೂದು. ಒಬ್ಬರು ಗಾಡಿಗೆ ಅಂತ ರೊಕ್ಕ ಕೂಡಿಡೂದು ಅಂದ್ರು, ಇನ್ನೊಬ್ಬರು ಸ್ವಚ್ಛ ಹೆರಿಗಿ ಸಾಮಾನು ಮೊದಲ ತಂದಿಡೂದು ಅಂದ್ರು. ದವಾಖಾನಿ ಕಟ್ಟಲಿಲ್ಲ, ದೊಡ್ಡ ಔಷಧ ಹಂಚಲಿಲ್ಲ. ಮೂರ ವರ್ಷದಾಗ ಸಭಾ ನಡದ ಊರುಗಳಾಗ ಹುಟ್ಟಿದ ತಿಂಗಳದೊಳಗ ಸಾಯೂ ಕೂಸುಗಳು, ಸಭಾ ಇಲ್ಲದ ಊರಕಿಂತ 100ಕ್ಕ 32ರಷ್ಟು ಕಡಿಮಿ ಆದ್ವು. ಮೂರನೇ ವರ್ಷಕ್ಕ ಹಡದವರೊಳಗಿನ ಮಧ್ಯಮ ಮಟ್ಟದ ಖಿನ್ನತೆನೂ ಅರ್ಧಕ್ಕ ಬಂತು, ಅದಕ್ಕೂ ಕಡಿಮಿ. 2010ರಾಗ ಲ್ಯಾನ್ಸೆಟ್ ಅನ್ನೂ ದೊಡ್ಡ ವೈದ್ಯಕೀಯ ಪತ್ರಿಕೆದಾಗ ಇದು ಬಂತು. ನೇಪಾಳದಾಗೂ ಅದಕ್ಕಿಂತ ಮೊದಲ ಹಿಂಗ ಆಗಿತ್ತು. 2014ರಾಗ ವಿಶ್ವ ಆರೋಗ್ಯ ಸಂಸ್ಥೆನ ಇಂಥಾ ಹೆಣಮಕ್ಕಳ ಸಭಾ ನಡಸ್ರಿ ಅಂತ ಶಿಫಾರಸು ಮಾಡಿತು. ಒಂದ ಶರತ್ತು: ಬಸರೇರೊಳಗ 100ಕ್ಕ 30 ಮಂದಿಯಾದ್ರೂ ಬರಬೇಕು, ಆವಾಗ ಫಲಾ ಕಾಣತೈತಿ. ವರ್ಷಕ್ಕೊಮ್ಮೆ ಬ್ಯಾನರ ಕಟ್ಟಿದ್ರ ಬರಂಗಿಲ್ಲ ಅವರು.

ಪೇಪರಿನ್ಯಾಗ ಬರೂ ಊರು ಅಂದ್ರ ಅಮೇರಿಕಾ, ಜಾರ್ಖಂಡ ಅಷ್ಟ ಅಂತ ತಿಳೀಬ್ಯಾಡ್ರಿ. ನಮ್ಮ ಬೆಳಗಾವಿ ಜಿಲ್ಲೆದ ಹಳ್ಳಿ ಹೆಣಮಕ್ಕಳಿಂದ ಜಗತ್ತು ಒಂದ ದೊಡ್ಡ ಪಾಠ ಕಲತೈತಿ. 2002ರಿಂದ 2005ರ ತನಕ, ಇಲ್ಲಿಯ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜಿನವರು ಸೇರಿ 1620 ಮಂದಿ ಮ್ಯಾಲೆ ನೋಡಿದ್ರು. ಮನ್ಯಾಗ ಇಲ್ಲಾ ಸಬ್‌ಸೆಂಟರಿನ್ಯಾಗ ಹಡದ ಕೂಡಲೇ ನರ್ಸಬಾಯಿ ಕೈಲೆ ಮಿಸೊಪ್ರೊಸ್ಟಾಲ್ ಗುಳಗಿ ನುಂಗಿಸಿದ್ರ, ಹೆಚ್ಚು ರಕ್ತ ಹೋಗೂದು 100ಕ್ಕ 12 ಇದ್ದದ್ದು 6.4ಕ್ಕ ಇಳೀತು. ಈಗ ಊರೂರಿಗೆ ಆ ಗುಳಗಿ ಹೋಗೇತಿ. ನಾ ಇದನ್ನ ಯಾಕ ಹೇಳಿದೆ ಅಂದ್ರ, ರಕ್ತ ಹೋಗಾಕ ಹತ್ತಿದ್ರ ಎರಡ ತಾಸಿನ್ಯಾಗ ಜೀವಾ ಹೋಗತೈತಿ. ಮಳಿಗಾಲದಾಗ ಭೀಮಗಡದ ಕಡೆ ಊರುಗಳಿಂದ ಪೇಷಂಟಿನ್ನ ಕಟಗಿಗೆ ಕಟ್ಟಿ ಹೆಗಲ ಮ್ಯಾಲೆ ಹೊತ್ತ ತಂದ ಸುದ್ದಿ ನೀವೂ ಓದೀರಿ. ಅಂಥಲ್ಲಿ ಉಪಯೋಗಕ್ಕ ಬರೂದು ಮೊದಲ ಆದ ಮಾತು: ಯಾವ ವಾರಕ್ಕ ಊರ ಬಿಟ್ಟು ದವಾಖಾನಿ ಹತ್ತರ ಬಂದಿರಬೇಕು, ಯಾರ ಮನ್ಯಾಗ ಇರಬೇಕು, ದೊಡ್ಡ ಕೂಸು ಯಾರ ಕಡೆ, ಎಮ್ಮಿ ಯಾರು ಹಿಂಡವರು.

ಹಂಗಾದ್ರ ಖಾನಾಪುರದಾಗ ಹೊಸಾ ಸಭಾ ಶುರು ಮಾಡೂದೇನು? ಬ್ಯಾಡ ಅನ್ನೂದ ನನ್ನ ವಾದ. ಸಭಾ ಅಲ್ಲಿ ಮೊದಲ ಐತಿ. ದವಾಖಾನ್ಯಾಗ ಗುರುತಾದ ಆ ಹುಡುಗಿ ತನ್ನ ಕೂಸಿನ ತೊಟ್ಟಲಕ್ಕ ನಮ್ಮಿಬ್ಬರನ್ನೂ ಕರದಿದ್ಲು. ನಾನು ವೈನಿ ಕುಲಾಯಿ, ಕುಂಚಗಿ, ಅಂಟಿನುಂಡಿ ಕಟಗೊಂಡು ಹೋದ್ವಿ. ಅಂಗಳದಾಗ ಏಳೆಂಟ ಹೆಣಮಕ್ಕಳು ಒಂದ ಕೌದಿ ಹರವಿಕೊಂಡು ನಾಕೂ ಕಡೆಯಿಂದ ಹೊಲ್ಯಾಕ ಹತ್ತಿದ್ರು. ನಮ್ಮ ಅಜ್ಜಿ ಹೊಲಿತಿದ್ದ ಕೌದಿನ ಅದು, ಹಳೇ ಸೀರಿ, ಹಳೇ ಅಂಗಿ ತುಂಡು. ಆದ್ರ ಬಣ್ಣ ಕೂಡಸೂ ರೀತಿ ಅವರದ ಬ್ಯಾರೆ, ಕಣ್ಣ ಕೀಳಾಕ ಆಗಂಗಿಲ್ಲ. ದಂಡಿಯಿಂದ ಶುರು ಮಾಡಿ ಸುತ್ತಕೋತ ನಡುವಿಗೆ ಬರ್ತಾರ. ಮೂಲಿಗೆ ಅರಬಿ ಮಡಚಿ ಹೂವಿನಂಗ ಹಚ್ತಾರ, ಅದಕ್ಕ ಫುಲಾ ಅಂತಾರ; ಅದಿಲ್ಲದ ಕೌದಿ ಬತ್ತಲೆ ಇದ್ದಂಗ ಅಂತ ಒಬ್ಬ ಅಜ್ಜಿ ಹೇಳಿ ನಕ್ಕಳು. ಈ ಕೌದಿಗಳನ್ನ ಅಮೇರಿಕಾದ ಮ್ಯೂಸಿಯಂದಾಗ ತೂಗು ಹಾಕ್ಯಾರ. ಇಲ್ಲಿ ಅದರ ಮ್ಯಾಲೆ ಕೂಸು ಉಚ್ಚಿ ಹೊಯ್ತದ, ಅಷ್ಟಕ್ಕಂತನ ಹೊಲದದ್ದು.

ಸೂಜಿ ನಡದಂಗ ಮಾತೂ ನಡದಿತ್ತು. ಯಾರ ಸೊಸಿಗೆ ಎಷ್ಟ ತಿಂಗಳ, ಯಾರ ಕೂಸು ಹಾಲ ಕುಡಿಯವಲ್ದು, ಯಾರ ಗಂಡ ಕುಡದ ಬಂದ. ಏಕಜುಟ್‌ದವರು ಚಿತ್ರದ ಕಾರ್ಡ ಹಿಡಕೊಂಡು ಮಾಡಿದ್ದು ಇಲ್ಲಿ ಸೂಜಿ ಹಿಡಕೊಂಡ ನಡದೈತಿ ಅಂತ ನನಗನಿಸ್ತು. ಇದಕ್ಕ ಕೂಡಬೇಕಾದ್ದು ಸ್ವಲ್ಪ ಐತಿ: ಆಶಾ ಅಕ್ಕ ಅಂದ ಅಲ್ಲಿಗೆ ಬರ್ಲಿ, ಬಿಪಿ ಮಶೀನ ತರ್ಲಿ, ರಕ್ತ ಕಡಿಮಿ ಐತೇನ ನೋಡ್ಲಿ. ದೇಶದಾಗ ಬಸರೇರೊಳಗ 100ಕ್ಕ 52 ಮಂದಿಗೆ ರಕ್ತ ಕಡಿಮಿ ಅಂತ ಸರಕಾರದ ಸಮೀಕ್ಷಾನ ಹೇಳತೈತಿ. ಆದಿವಾಸಿ ಭಾಗದಾಗ ಸಿಕಲ್ ಸೆಲ್ ತಪಾಸಣಿ 2023ರಿಂದ ನಡದೈತಿ. ಅದರ ಕಾರ್ಡ ಬಸರಿ ಕೈಯಾಗ ಇದ್ರ ಊರ ಡಾಕ್ಟರಿಗೆ ಹೇಳಾಕ ಬರತೈತಿ. ಮಾತೃಪೂರ್ಣದ ಕಥಿ ನೆನಪೈತೇನ? 2017ರಾಗ ಬಿಸಿ ಊಟ ಚಾಲೂ ಮಾಡಿ, ಬಸರೇರು ಬಾಣಂತೇರು ದಿನಾ ಅಂಗನವಾಡಿಗೆ ಬಂದು ಉಣಬೇಕು ಅಂದ್ರು. ಊಟ ಚಲೋ ಇತ್ತು. ಚದರಿದ ಕಾಡಿನ ಮನಿಯಿಂದ ಎಳೆ ಬಾಣಂತಿ ಎರಡ ಮೈಲ ನಡದ ಬಂದು ಉಂಡ ಹೋಗಬೇಕಂದ್ರ ಆಗತೈತೇನು? ಕರಿಯೂದಕಿಂತ ಹೋಗೂದು ಲೇಸು.

ನಡಸಾಕಿ ಮಾತ್ರ ಅವರೊಳಗಿನಾಕಿನ ಆಗಬೇಕು. ಗುಜರಾತದ ಜಾಂಬೂರ ಅನ್ನೂ ಊರಾಗ ಹೀರಾಬಾಯಿ ಲೋಬಿ ಅಂತ ಸಿದ್ದಿ ಹೆಣಮಗಳು ಅದಾರ. ಸಣ್ಣಾಕಿ ಇದ್ದಾಗ ತಂದಿ-ತಾಯಿ ಹೋದ್ರು, ಅಜ್ಜಿ ಕೈಯಾಗ ಬೆಳದವರು. ರೇಡಿಯೋ ಕೇಳಿ ಕೇಳಿ ಕಲತು, ಸಿದ್ದಿ ಹೆಣಮಕ್ಕಳನ್ನ ಕೂಡಿಸಿ ಉಳಿತಾಯ, ಗೊಬ್ಬರ ಮಾರೂದು ಎಲ್ಲಾ ಮಾಡಿದ್ರು, ಸಣ್ಣ ಕೂಸುಗಳಿಗೆ ಬಾಲವಾಡಿ ತಗಸಿದ್ರು. 2023ರಾಗ ಪದ್ಮಶ್ರೀ ಬಂತು. ನಮ್ಮ ಮಂಡಳದವರು ಹೋಗಿ ಕಲಸೂದು ಏನಿಲ್ಲ ಅಲ್ಲಿ, ಅವರೊಳಗ ಒಬ್ಬಾಕಿ ಹೀರಾಬಾಯಿ ಖಾನಾಪುರದ ಕಡೆನೂ ಇರತಾಳ, ಆಕಿ ಬಸ್ಸಿನ ಚಾರ್ಜು ನಾವು ಕೊಡೂಣು.

ಹಂಗಾದ್ರ ನಮ್ಮ ಕೆಲಸ ಏನು ಅಂತ ಕೇಳ್ತೀರಿ. ನಮ್ಮ ಕೆಲಸ ಇಲ್ಲಿ ಐತಿ, ಬೆಳಗಾವ್ಯಾಗ. ಖಾನಾಪುರದಿಂದ ರೆಫರ್ ಆಗಿ ಬರೂ ಹೆಣಮಗಳಿಗೆ ಈ ಊರಾಗ ಯಾರೂ ಇರಂಗಿಲ್ಲ. ಆಕಿ ಜೋಡಿ ಕುಂಡ್ರಾಕ ಒಬ್ಬಾಕಿ ಬೇಕು. ಹೆರಿಗಿ ಮುಂದ ಜೋಡಿ ಒಬ್ಬರಿದ್ರ ಏನಾಗತೈತಿ ಅಂತಾನೂ 17 ದೇಶದ 15,000ಕ್ಕ ಹೆಚ್ಚು ಹೆಣಮಕ್ಕಳ ಲೆಕ್ಕಾ ನೋಡ್ಯಾರ: ಸಹಜ ಹೆರಿಗಿ ಹೆಚ್ಚು, ಸಿಸೇರಿಯನ್ ಕಡಿಮಿ, ಹೆದರಿಕಿ ಕಡಿಮಿ. ಸರಕಾರಿ ದವಾಖಾನ್ಯಾಗ ಹೆರಿಗಿ ಕೋಣಿಯೊಳಗ ಒಬ್ಬ ಹೆಣಮಗಳು ಜೋಡಿ ಇರಬಹುದು ಅಂತ ಕೇಂದ್ರ ಸರಕಾರನ 2016ರಾಗ ಹೇಳೇತಿ. ಕಾಗದದಾಗ ಐತಿ, ಕೇಳಿದವರಿಗೆ ಸಿಗತೈತಿ. ಜೋಡಿ ಇದ್ದಾಕಿ ಡಾಕ್ಟರ ಆಗಬೇಕಾಗಿಲ್ಲ. "ಈಕಿ ಕನ್ನಡದಾಕಿ ಅದಾಳ, ಕನ್ನಡದಾಗ ಹೇಳ್ರಿ" ಅನ್ನಬೇಕು. "ತಲಿ ನೋಯ್ತದ ಅಂತ ಎರಡ ಸಲ ಹೇಳ್ಯಾಳ, ಬಿಪಿ ನೋಡ್ರಿ" ಅನ್ನಬೇಕು. ಕೂದಲಾ ಮುಟ್ಟಾಕ ಬಂದವರಿಗೆ ಕೈ ಅಡ್ಡ ಹಿಡೀಬೇಕು. ನಮ್ಮ ವೈನಿಯಂಥ ಬಾಯಿ ನಮ್ಮ ಓಣ್ಯಾಗ ಹತ್ತ ಅದಾವ, ನಾ ಹೆಸರ ಹೇಳಂಗಿಲ್ಲ, ಅವರಿಗ ಗೊತ್ತೈತಿ.

ಹೊರಗಿನವರು ಹೋಗಿ ಕುಂತ್ರ ದವಾಖಾನಿಯವರು ಬಿಡ್ತಾರೇನ ಅಂತ ನಮ್ಮ ನಾದನಿ ಕೇಳಿದ್ಲು. ಚಲೋ ಪ್ರಶ್ನೆ. ಆಕಿ ಮತ್ತ ಆಕಿ ಮನಿಯವರು ಹೂಂ ಅಂದ್ರ ಅಷ್ಟ ಹೋಗಬೇಕು, ಇಲ್ಲಂದ್ರ ಹೊರಗಿನ ಬೆಂಚಿನ ಮ್ಯಾಲೆ ಕುಂಡ್ರಬೇಕು. ಬೆಂಚಿನ ಮ್ಯಾಲೂ ಕೆಲಸ ಇರತೈತಿ: ದೊಡ್ಡ ಕೂಸಿನ್ನ ಆಡಸೂದು, ಗಂಡಗ ಒಂದ ಊಟದ ಡಬ್ಬಿ, ಬಿಸಿನೀರಿನ ಥರ್ಮಾಸು. ಕೂಸಿನ ಜೋಡಿ ಫೋಟೋ ತಗೀಬ್ಯಾಡ್ರಿ, ಅದನ್ನ ಗ್ರೂಪಿನ್ಯಾಗ ಹಾಕಬ್ಯಾಡ್ರಿ. ನಮ್ಮ ಮನಿ ಬಾಣಂತಿ ಫೋಟೋ ದೃಷ್ಟಿ ಆಗತೈತಿ ಅಂತ ಮುಚ್ಚಿಡ್ತೀವಿ, ಅವರಿಗೆ ದೃಷ್ಟಿ ಆಗಂಗಿಲ್ಲೇನು?

ಕಾಕೂ ಅವರಿಗೆ ನಾ ಕಡೀಕ ಹೇಳಿದ್ದು ಇಷ್ಟ: ಸೀಮಂತ ಮಾಡ್ರಿ, ಆದ್ರ ಸ್ಟೇಜ ಬ್ಯಾಡ, ಅವರ ಅಂಗಳದಾಗ ಮಾಡ್ರಿ. ಬಸರೇರು ಮೊದಲ ಉಣಲಿ. ಸೀರಿಗೆ ಹಾಕೂ ರೊಕ್ಕದಾಗ ಅರ್ಧ ತಗದು ಗಾಡಿ ಖರ್ಚಿಗಂತ ಅವರ ಸಂಘದಾಗ ಇಡ್ರಿ. ರಾತ್ರಿ 108 ಸಿಗದಿದ್ರ ಬಾಡಗಿ ಜೀಪಿಗೆ ಬೇಕಾಗತೈತಿ. ಉಡಿ ತುಂಬಿದ ಮ್ಯಾಲೆ ಎದ್ದ ಬರಬ್ಯಾಡ್ರಿ, ಒಂದ ತಾಸು ಸೂಜಿ ಹಿಡಕೊಂಡು ಬಾಜೂ ಕುಂಡ್ರಿ. ಕಾಕೂಗ ಸೂಜಿ ಪೋಣಸಾಕ ಕಣ್ಣ ಕಾಣಂಗಿಲ್ಲಂತ, ಹಂಗಂದ್ರು. ಬಸರಿ ಹುಡುಗ್ಯಾರು ಪೋಣಸಿ ಕೊಡತಾರ ಬಿಡ್ರಿ ಅಂದೆ.

ದವಾಖಾನ್ಯಾಗ ಪಾಳಿ ಮ್ಯಾಲೆ ಕುಂಡ್ರಾಕ ವೈನಿ, ನಾನು, ಮತ್ತ ಹಿಂದಿನ ಓಣಿಯವರು ಇಬ್ಬರು ಒಪ್ಪೇವಿ. ಇನ್ನ ಆರ ಮಂದಿ ಇದ್ರ ವಾರಾ ಪೂರಾ ಆಗತೈತಿ, ರಾತ್ರಿ ಪಾಳಿಗೆ ಮರಾಠಿ ಬರಾಕಿ ಒಬ್ಬಾಕಿ ಇದ್ರ ಚಲೋ. ಹಳೇ ಕಾಟನ್ ಸೀರಿ, ಧೋತರ ಇದ್ರ ಒಗದು ಇಡ್ರಿ, ಕೌದಿಗೆ ಬೇಕಾಗತಾವ. ಜರಿದು ಬ್ಯಾಡ, ಕೂಸಿನ ಮೈಗೆ ಚುಚ್ಚತಾವ.